ಬಾಲ ಹಚ್ಚಿದ ಹೆಸರು

ಸಾಸ್ವೆಹಳ್ಳಿಯ ಸಣ್ಣತಿಮ್ಮಪ್ಪನನ್ನು ಮೊದಲ ಸಲ ನೋಡಿದವರು, ಇವನಿಗೆ ಹೆಸರಿಟ್ಟವರಿಗೆ ಕಣ್ಣು ಕಾಣ್ತಿರಲಿಲ್ಲವೇನೋ ಅಂದುಕೊಳ್ಳುತ್ತಿದ್ದರು. ಯಾವ ಬಾಗಿಲಿಗೂ ತಲೆ ತಗ್ಗಿಸದೆ ಒಳಗೆ ಹೋದ ಆಳಲ್ಲ. ಗಾಡಿಯ ಒಂದು ಮಗ್ಗುಲಿಗೆ ಅವನು ಕೂತರೆ ಇನ್ನೊಂದು ಮಗ್ಗುಲಿಗೆ ಇಬ್ಬರು ಕೂರಬೇಕು. ಆದರೆ ಅವನು ಹುಟ್ಟುವಾಗಲೇ ಮನೆಯಲ್ಲಿ ಅಣ್ಣ ಅಂತ ಒಬ್ಬ ದೊಡ್ಡತಿಮ್ಮಪ್ಪ ಇದ್ದ. ಹರಕೆ ಒಂದೇ ದೇವರಿಗೆ ಹೊತ್ತಿದ್ದರಿಂದ ಹೆಸರೂ ಒಂದೇ ಆಯಿತು, ಇವನಿಗೆ ಸಣ್ಣ ಅನ್ನೋದು ಮುಂದೆ ಬಂತು. ಆ ಬಡಕಲು ದೊಡ್ಡತಿಮ್ಮಪ್ಪ ಕಾಲವಾಗಿ ವರ್ಷಗಳೇ ಆಗಿದ್ದವು. ಸಣ್ಣ ಮಾತ್ರ ಹಂಗೇ ಉಳಿಯಿತು.

ನಮ್ಮ ಕಡೆ ಹೆಸರು ಅಂದರೆ ಸುಮ್ಮನೆ ಅಲ್ಲ ಕಣ್ರೀ. ಅದರ ಹಿಂದೆ ಏನು ಅಂಟಿಸುತ್ತಾರೆ ಅನ್ನೋದನ್ನ ನೋಡಿ ಆ ವರ್ಷದ ನಿಮ್ಮ ಯೋಗ್ಯತೆ ಹೇಳಿಬಿಡಬಹುದು. ಕಬ್ಬು ಕೈಗೆ ಹತ್ತಿದ ವರ್ಷ ಅವನು 'ತಿಮ್ಮಪ್ಪನೋರೇ'. ಹೊಳೆ ಉಕ್ಕಿ ಗದ್ದೆ ಕೊಚ್ಚಿದ ವರ್ಷ 'ತಿಮ್ಮಣ್ಣ'. ಬದುವಿನ ಜಗಳವಾದ ದಿನ, ಬೆನ್ನ ಹಿಂದೆ, ಬರೀ 'ತಿಮ್ಮ'. ಇದೆಲ್ಲ ಅವನಿಗೆ ಅಭ್ಯಾಸವಾಗಿತ್ತು, ಯಾವುದಕ್ಕೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಅವನ ಕೊರಗೇ ಬೇರೆ. ಹೇಳಿದರೆ ನಗುತ್ತೀರಿ, ಅವನೂ ಅದಕ್ಕೇ ಯಾರಿಗೂ ಹೇಳಿರಲಿಲ್ಲ. ಮಗಳನ್ನು ಚನ್ನಗಿರಿಗೆ ಕೊಟ್ಟು, ಮೀಸೆಯಲ್ಲಿ ಬಿಳಿ ಕೂದಲು ಬಂದ ಈ ಗಂಡಸಿಗೆ ಹೆಂಡತಿ ಸಾವಂತ್ರಮ್ಮನ ಬಾಯಲ್ಲಿ ತನ್ನ ಹೆಸರು ಒಂದು ಸಲ ಕೇಳಬೇಕಾಗಿತ್ತು. ಅವ್ವ ಇರೋತನಕ 'ತಿಮ್ಮಾ, ಉಣ್ಣಾಕೆ ಬಾರೋ' ಅಂತ ಕರೆಯೋಳು. ಅವ್ವ ಹೋದ ಮೇಲೆ ಹಂಗೆ ಕರೆಯೋರು ಭೂಮಿ ಮೇಲೆ ಯಾರೂ ಉಳಿಯಲಿಲ್ಲ. ಒಂದೊಂದು ಸಲ ಊಟದ ಹೊತ್ತಿಗೆ ಅದು ನೆನಪಾಗಿ ಎತ್ತಿದ ತುತ್ತನ್ನ ತಟ್ಟೆಗೇ ಇಡುತ್ತಿದ್ದ.

ಸಾವಂತ್ರಮ್ಮ ಕರೆಯುವುದುಂಟೇ? ಗಂಡನ ಹೆಸರು ಹೇಳಿದರೆ ಗಂಡನ ಆಯಸ್ಸು ಕಮ್ಮಿ ಅಂತ ಅವಳ ಅವ್ವ ಹೇಳಿ ಕಳಿಸಿದ್ದಳು. ಹೆಸರಿರಲಿ, ಹೆಸರಿನ ನೆರಳನ್ನೂ ಅವಳು ತುಳಿಯುತ್ತಿರಲಿಲ್ಲ. ತಿರುಪತಿ ದೇವರಿಗೆ ಕೈ ಮುಗಿಯುವಾಗಲೂ 'ನಮ್ಮನೇರ ಹೆಸರಿನ ದೇವ್ರೇ, ಕಾಪಾಡಪ್ಪಾ' ಅನ್ನೋಳು. ಗಂಡನಿಗೆ 'ಏನ್ರೀ', 'ಇಲ್ಲಿ ಕೇಳ್ರಿ', ಸಿಟ್ಟು ಬಂದರೆ ಗೋಡೆ ಕಡೆ ಮುಖ ಮಾಡಿ 'ಕೆಲವ್ರಿಗೆ ಹೇಳಿದ್ದು ಕೇಳಾಕಿಲ್ಲ'. ಅಷ್ಟೇ ಅವನ ಪಾಲು.

ಒಂದೇ ಒಂದು ಸಲ ಹೇಳಿದ್ದಳು. ಮದುವೆಯಲ್ಲಿ ಹೆಂಗಸರೆಲ್ಲ ಸುತ್ತಗಟ್ಟಿ, ಒಡಪು ಹಾಕಿ ಹೆಸರು ಹೇಳೋತನಕ ಬಾಗಿಲು ಬಿಡಾಕಿಲ್ಲ ಅಂತ ಅಡ್ಡ ನಿಂತಿದ್ದರು. ಹುಡುಗಿ ತಲೆ ಬಗ್ಗಿಸಿ ರಾಗವಾಗಿ ಎತ್ತಿದಳು: 'ಅಂಗಳದಾಗೆ ಬಿಟ್ಟೀನಿ ರಂಗೋಲಿ ಎಳೆ, ಬಾಗಿಲಿಗೆ ಕಟ್ಟೀನಿ ಮಾವಿನ ತಳಿರ ಮಾಲೆ, ನನ್ನ ಕೈ ಹಿಡಿದೋರು...' ಅಷ್ಟರಲ್ಲಿ ಡೋಲಿನ ದುರುಗಣ್ಣ, ಅದ್ಯಾವ ಹುಮ್ಮಸ್ಸು ಬಂತೋ, ಡಂ ಡಂ ಡಂ ಅಂತ ಬಾರಿಸಿಬಿಟ್ಟ. ಹೆಂಗಸರಿಗೆ ಕೇಳಿತು, ಗೊಳ್ಳಂತ ನಕ್ಕರು. ಮದುಮಗನಿಗೆ ಕೇಳಲಿಲ್ಲ. ಇವತ್ತಿಗೂ ದುರುಗಣ್ಣ ಎದುರು ಸಿಕ್ಕಿದರೆ ಸಣ್ಣತಿಮ್ಮಪ್ಪ ಮುಖ ತಿರುಗಿಸಿಕೊಂಡು ಹೋಗುತ್ತಾನೆ, ಪಾಪ ದುರುಗಣ್ಣನಿಗೆ ಯಾಕೆ ಅಂತಲೇ ಗೊತ್ತಿಲ್ಲ.

ಇದರ ಮೇಲೆ ಗಾಯಕ್ಕೆ ಉಪ್ಪು ಸವರೋದಕ್ಕೆ ಮನೆಯಲ್ಲಿ ಕರಿಯ ಇದ್ದ. ಕರಿಯ ಅಂದರೆ ಹೋರಿ. ಹಬ್ಬದಲ್ಲಿ ಓಡಿಸೋದಕ್ಕೇ ಸಾಕಿದ್ದು, ಕೊಂಬು ನೋಡಿದರೆ ಎದೆ ಝಲ್ಲನ್ನಬೇಕು. ಅದಕ್ಕೆ ಸಾವಂತ್ರಮ್ಮ ಹುಲ್ಲು ಹಾಕುವಾಗ 'ಕರಿಯಾ' ಅನ್ನೋಳು, ಮೈ ತಿಕ್ಕುವಾಗ 'ಕರಿಯಪ್ಪಾ', ಹಿಂಡಿ ಇಡುವಾಗ 'ಕರಿಮರೀ, ನನ್ನಪ್ಪಾ, ತಿನ್ನೋ'. ಪಕ್ಕದ ಪಡಸಾಲೆಯಲ್ಲಿ ಕೂತು ಇದನ್ನೆಲ್ಲ ಕೇಳಿಸಿಕೊಳ್ಳುವ ಗಂಡನಿಗೆ ಹೊಟ್ಟೆಯಲ್ಲಿ ಕಿಚ್ಚು. ದನದ ಮೇಲೆ ಹೊಟ್ಟೆಕಿಚ್ಚುಪಟ್ಟ ಗಂಡಸು ಹೊನ್ನಾಳಿ ತಾಲ್ಲೂಕಿನಲ್ಲೇ ಇವನೊಬ್ಬ ಇದ್ದನೋ ಏನೋ.

ಹಿಂಗಿರುವಾಗ, ಮೂವತ್ತೈದನೇ ಇಸವಿ ದೀಪಾವಳಿ ಹತ್ತಿರಕ್ಕೆ, ಮನೆಗೆ ಸ್ಪೇನ್ ದೇಶದವನೊಬ್ಬ ಬಂದು ಸೇರಿದ. ಹೊಳೆ ನೀರೆತ್ತಿ ಕಬ್ಬಿಗೆ ಹಾಯಿಸೋಣ ಅಂತ ಸಣ್ಣತಿಮ್ಮಪ್ಪ ಒಂದು ಆಯಿಲ್ ಇಂಜಿನ್ ತರಿಸಿದ್ದ. ಅದನ್ನು ಕೂರಿಸಿಕೊಡೋದಕ್ಕೆ ಅಂಗಡಿಯವರು ಕಳಿಸಿದ ಫಿಟ್ಟರ್ ಇವನು, ಹೆಸರು ರಾಮೋನ್. ಹಡಗಿನಲ್ಲಿ ಬೊಂಬಾಯಿಗೆ ಬಂದು ಇಳಿದವನು ವಾಪಸ್ಸು ಹತ್ತಿರಲಿಲ್ಲ. ಇಂಜಿನ್ ಬಿಚ್ಚಿ ನೋಡಿದರೆ ಒಳಗೊಂದು ಸಾಮಾನು ಒಡೆದಿತ್ತು, ಬೇರೆಯದು ಬೊಂಬಾಯಿಂದಲೇ ಬರಬೇಕು. ಬರೋತನಕ ಪಡಸಾಲೆ ಪಕ್ಕದ ಕೋಣೆಯಲ್ಲಿ ಅವನ ಬಿಡಾರವಾಯಿತು. ಬೊಂಬಾಯಿಯಲ್ಲಿ ಕಲಿತ ಹರಕು ಉರ್ದು ಅವನಿಗೆ ಬರುತ್ತಿತ್ತು, ಚನ್ನಗಿರಿ ಅಡಿಕೆ ಸಂತೆಯಲ್ಲಿ ಕಲಿತ ಮುರುಕು ಉರ್ದು ಇವನಿಗೆ. ಎರಡೂ ಸೇರಿ ಮಾತು ನಡೆಯುತ್ತಿತ್ತು, ಹೆಂಡತಿಗೂ ಅವನಿಗೂ ನಡುವೆ ಸಣ್ಣತಿಮ್ಮಪ್ಪನೇ ದುಭಾಷಿ. ಊರಿನವರು ಮಾರನೆ ದಿನಕ್ಕೆ ಅವನನ್ನ ರಾಮೋನಪ್ಪ ಮಾಡಿಬಿಟ್ಟರು.

ಬಂದವನು ಮೊದಲು ನೋಡಿದ್ದೇ ಕರಿಯನನ್ನ. ನೋಡಿ, ಟೋಪಿ ತೆಗೆದು, "ತೋರೀತೊ!" ಅಂದ. ಕಣ್ಣಲ್ಲಿ ನೀರು ಬಂದಂಗಿತ್ತು.

ಸಣ್ಣತಿಮ್ಮಪ್ಪ ಅರ್ಥ ಕೇಳಿದ. ರಾಮೋನ್ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಬಿಡಿಸಿ ಹೇಳಿದ. ತೋರೊ ಅಂದರೆ ಹೋರಿ. ಹಿಂದೆ ಒಂದು ಬಾಲ ಹಚ್ಚಿ ತೋರೀತೊ ಅಂದರೆ ಪುಟ್ಟ ಹೋರಿ, ಇಲ್ಲಾ ಮುದ್ದಿನ ಹೋರಿ. ಬೇರೆ ಬಾಲ ಹಚ್ಚಿ ತೋರಾಸೊ ಅಂದರೆ ಅಬ್ಬಬ್ಬಾ ಅನ್ನಿಸೋ ಹೋರಿ. ಕಾಸಾ ಅಂದರೆ ಮನೆ, ಕಾಸೀತಾ ಅಂದರೆ ಅಚ್ಚುಕಟ್ಟಾದ ಪುಟ್ಟ ಮನೆ, ಕಾಸೋನಾ ಅಂದರೆ ದೊಡ್ಡ ವಾಡೆ, ಕಾಸೂಚಾ ಅಂದರೆ ಸೋರೋ ಗುಡಿಸಲು.

"ಇಷ್ಟು ದೊಡ್ಡ ಹೋರಿಗೆ ಪುಟ್ಟದು ಅಂತೀಯಲ್ಲ ಮಾರಾಯ," ಅಂದ ಸಣ್ಣತಿಮ್ಮಪ್ಪ. "ಪುಟ್ಟದೋ ಮುದ್ದೋ ಅಂತ ಹೆಂಗೆ ಗೊತ್ತಾಗ್ತೈತೆ?"

"ಕರೆಯೋರ ಮುಖ ನೋಡಬೇಕು," ಅಂದ ರಾಮೋನ್. ಆಮೇಲೆ ತಾನೇ ನಕ್ಕ. "ನೀವು ಸಣ್ಣದನ್ನ ಹೆಸರಿನ ಮುಂದೆ ಇಡ್ತೀರಿ, ಕೊಂಬಿನ ಹಂಗೆ. ನಾವು ಹಿಂದೆ ಇಡ್ತೀವಿ, ಬಾಲದ ಹಂಗೆ."

ಅವತ್ತಿಂದ ರಾಮೋನ್ ಅವನನ್ನು ತಿಮ್ಮೋನ್ ಅಂತ ಕರೆಯೋಕೆ ಶುರುಮಾಡಿದ. ಸಾಹೇಬ, ಬಹದ್ದೂರ್ ಅನ್ನೋ ಥರದ ಬಿರುದು ಇರಬೇಕು ಅಂತ ಸಣ್ಣತಿಮ್ಮಪ್ಪ ಹಿಗ್ಗಿ ಹೀರೇಕಾಯಿಯಾದ. ಹೊನ್ನಾಳಿ ಸಂತೆಯಲ್ಲಿ ಹತ್ತು ಜನರ ಮುಂದೆ ಹೇಳಿಕೊಂಡೂ ಬಂದ. ಆಮೇಲೆ ಗೊತ್ತಾಯಿತು, ಆ ಬಾಲಕ್ಕೆ ದೊಡ್ಡ ಗಾತ್ರದವನು, ಧಡಿಯ ಅಂತ ಅರ್ಥ. ಒಳಗೆ ರೊಟ್ಟಿ ತಟ್ಟುತ್ತಿದ್ದ ಸಾವಂತ್ರಮ್ಮನಿಗೆ ನಗು ತಡೆಯಲಾಗಲಿಲ್ಲ. "ಪರದೇಶಿ ಆದ್ರೂ ಸರಿಯಾಗೇ ಹಚ್ಚಿದಾನೆ ಬಿಡ್ರಿ," ಅಂದಳು.

ಬಾಲಗಳಲ್ಲಿ ಬೈಯೋ ಬಾಲವನ್ನ ಅವಳು ಎಲ್ಲರಿಗಿಂತ ಬೇಗ ಕಲಿತಳು. ತಿರುಗದೆ ಕೂತ ಇಂಜಿನ್ನು ಅವಳ ಬಾಯಲ್ಲಿ ಇಂಜಿನೂಚೊ ಆಯಿತು. ಸೋರೋ ಕೊಡ ಕೊಡೂಚೊ. ಹೋರಿ ಹಬ್ಬದ ಮಾತು ಬಂದು, ನಮ್ಮ ದೇಶದಲ್ಲಿ ಹೋರಿಯನ್ನ ಆಟದ ಕೊನೆಗೆ ಕತ್ತಿಯಿಂದ ಕೊಲ್ಲುತ್ತಾರೆ ಅಂತ ರಾಮೋನ್ ಹೇಳಿದ ದಿನ ಮಾತ್ರ ಅವಳು ಸೊಂಟಕ್ಕೆ ಕೈಯಿಟ್ಟು ನಿಂತಳು. "ಥೂ! ಕೊಲ್ಲೋರ ಬಾಯಾಗೆ ಅದೆಂಥ ಮುದ್ದು? ನಮ್ ಕರಿಯಂಗೆ ಆ ಹೆಸರಿಡಬ್ಯಾಡ!" ರಾಮೋನ್ ತಲೆ ತಗ್ಗಿಸಿ ಟೋಪಿ ತಿರುಗಿಸುತ್ತ ಕೂತ.

ಒಂದು ಸಂಜೆ ಸಣ್ಣತಿಮ್ಮಪ್ಪ ಅವನನ್ನ ಕೇಳಿದ, "ನಿನ್ನ ಅವ್ವ ನಿನಗೆ ಏನಂತ ಕರೀತಾಳೆ?"

"ರಾಮೋನ್ಸೀತೊ."

"ರಾಮಾನೂ ಸೀತೆನೂ ಒಂದೇ ಹೆಸ್ರಾಗೆ ಸೇರ್ಸವ್ರೆ ನೋಡು," ಅಂತ ಒಳಗಿಂದ ಸಾವಂತ್ರಮ್ಮನ ದನಿ.

ರಾಮೋನ್ ನಗಲಿಲ್ಲ. ಆ ಹೆಸರು ಕಿವಿಗೆ ಬಿದ್ದು ಬಹಳ ವರ್ಷ ಆಯಿತು ಅಂದ. ಅವ್ವ ದೂರ, ಸಮುದ್ರದಾಚೆ. ಇಲ್ಲಿ ಎಲ್ಲರೂ ಮಿಸ್ತ್ರಿ ಅಂತಾರೆ, ರಾಮೋನಪ್ಪ ಅಂತಾರೆ, ಆ ಚಿಕ್ಕ ಬಾಲ ಮಾತ್ರ ಯಾರೂ ಹಚ್ಚೋದಿಲ್ಲ. ಸಣ್ಣತಿಮ್ಮಪ್ಪನಿಗೆ ತನ್ನ ಹೊಟ್ಟೆಯೊಳಗಿನದನ್ನೇ ಯಾರೋ ತೆಗೆದು ಹೇಳಿದಂಗಾಯಿತು. ಅವನ ಕೈ ಹಿಡಿದುಕೊಂಡು ತನ್ನ ಕೊರಗನ್ನೆಲ್ಲ, ದುರುಗಣ್ಣನ ಡೋಲಿನ ಸಮೇತ, ಹೇಳಿಬಿಟ್ಟ.

ರಾಮೋನ್ ಯೋಚನೆ ಮಾಡಿ ಒಂದು ಉಪಾಯ ಹೇಳಿದ. "ತಿಮ್ಮಪ್ಪ ಅನ್ನಬಾರದು, ಸರಿ. ತಿಮ್ಮೀತೊ ಅನ್ನಲಿ. ಬಾಲ ಹಚ್ಚಿದ ಮೇಲೆ ಅದು ಆ ಹೆಸರಲ್ಲವಲ್ಲ!"

ಆಹಾ, ಎಂಥಾ ಲಾಯರಿ ಬುದ್ಧಿ! ಸಣ್ಣತಿಮ್ಮಪ್ಪ ಮಾರನೆ ಬೆಳಗ್ಗೆಯೇ ಅಡಿಗೆಮನೆ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತು, ಕೆಮ್ಮಿ, ವಿಷಯ ಎತ್ತಿದ. ಬೆನ್ನಿಗೆ ಸಾಕ್ಷಿಯಾಗಿ ರಾಮೋನ್. ಸಾವಂತ್ರಮ್ಮ ಒಲೆ ಊದುವ ಕೊಳವೆ ಕೆಳಗಿಟ್ಟು ಪೂರಾ ಕೇಳಿದಳು. ಗಂಡನ ಮುಖ ನೋಡಿದಳು. ಅಷ್ಟು ದೊಡ್ಡ ಮುಖ ಮಗುವಿನಂಗೆ ಆಸೆಪಟ್ಟು ನಿಂತಿತ್ತು. ಅವಳಿಗೆ ನಗುವೂ ಬಂತು, ಅಯ್ಯೋ ಅಂತಲೂ ಅನ್ನಿಸಿತು. ಆದರೆ ಸೋಲೋ ಪೈಕಿಯೇ ಅವಳು?

"ಅಲ್ಲಾ ರಾಮೋನಪ್ಪ, ನಿನ್ನ ಅವ್ವ ಆ ಸೀತೊ ಅಂತ ಕರೆದ್ರೆ ನಿನಗೆ ಗೊತ್ತಾಗ್ತಿತ್ತೇನು, ನನ್ನೇ ಕರೀತವ್ಳೆ ಅಂತ?"

"ಗೊತ್ತಾಗ್ತಿತ್ತು. ಓಡಿ ಹೋಗ್ತಿದ್ದೆ."

"ಹಂಗಾದ್ರೆ ಯಮಂಗೂ ಗೊತ್ತಾಗ್ತೈತೆ," ಅಂದು ಅವಳು ಕೊಳವೆ ತಗೊಂಡು ಒಲೆ ಊದಿದಳು.

ಸಾಕ್ಷಿ ಟೋಪಿ ಹಾಕಿಕೊಂಡು ಇಂಜಿನ್ ಕಡೆಗೆ ನಡೆದ. ಸಣ್ಣತಿಮ್ಮಪ್ಪ ಪಂಚೆ ಕೊಡವಿಕೊಂಡು ಗದ್ದೆಗೆ ಹೋದ.

ದೀಪಾವಳಿ ಮುಗಿದ ಮಾರನೆ ದಿನ ಹೋರಿ ಹಬ್ಬ. ಕರಿಯನ ಕೊರಳಿಗೆ ಕೊಬ್ಬರಿ ಹಾರ, ಕೊಂಬಿಗೆ ಬಣ್ಣ, ಬೆನ್ನ ಮೇಲೆ ಹೊದಿಸಿದ ಝೂಲ. ಬೀದಿಯ ಎರಡೂ ಕಡೆ ಜನ, ಹೆಂಗಸರೆಲ್ಲ ಮಾಳಿಗೆ ಮೇಲೆ. ಬಿಟ್ಟ ಹೋರಿ ಬೀದಿಯುದ್ದಕ್ಕೂ ಓಡಬೇಕು, ಹುಡುಗರು ಮೈಮೇಲೆ ಬಿದ್ದು ಕೊಬ್ಬರಿ ಹರಿಯಬೇಕು, ಹರಿಸಿಕೊಳ್ಳದೆ ಗುರಿ ಮುಟ್ಟಿದ ಹೋರಿಗೆ ಜೈಕಾರ. ಕರಿಯ ಓಡಿದ ಓಟಕ್ಕೆ ಒಬ್ಬನ ಕೈಗೂ ಒಂದು ಕೊಬ್ಬರಿ ಬಟ್ಟಲು ಸಿಗಲಿಲ್ಲ. ಮಾಳಿಗೆ ಮೇಲೆ ರಾಮೋನ್ ಟೋಪಿ ಎಸೆದು ತನ್ನ ಭಾಷೆಯಲ್ಲಿ ಏನೇನೋ ಕೂಗಿದ.

ಸಣ್ಣತಿಮ್ಮಪ್ಪ ಇನ್ನೇನು ಮುಗಿಯಿತಲ್ಲ ಅಂತ ಬೀದಿ ಮಧ್ಯಕ್ಕೆ ಇಳಿದು, ಬೆನ್ನು ತಿರುಗಿಸಿ ನಿಂತು, ಎದುರುಮನೆ ನಾಗೇಂದ್ರಪ್ಪನಿಗೆ ತನ್ನ ಹೋರಿಯ ಬಣ್ಣನೆ ಮಾಡುತ್ತಿದ್ದ. ಅಷ್ಟರಲ್ಲಿ ಯಾವನೋ ತರಲೆ ಬೀದಿಯ ಆ ತುದಿಯಲ್ಲಿ ಪಟಾಕಿ ಹಚ್ಚಿದ. ಹಿಡಿದಿದ್ದವರ ಕೈಯಿಂದ ಕಿತ್ತುಕೊಂಡು ಕರಿಯ ಬಂದ ದಾರಿಯಲ್ಲೇ ವಾಪಸ್ಸು ತಿರುಗಿತು.

ಜನ ಚೆಲ್ಲಾಪಿಲ್ಲಿಯಾದರು. ನಾಗೇಂದ್ರಪ್ಪ ಹೇಳದೆ ಕೇಳದೆ ಜಗಲಿ ಹಾರಿದ. ಸಣ್ಣತಿಮ್ಮಪ್ಪ ಮಾತ್ರ, ಇವನಿಗೇನಾಯಿತು ಅಂತ ಅವನ ಕಡೆಗೇ ನೋಡುತ್ತ ನಿಂತ. ಮಾಳಿಗೆ ಮೇಲಿಂದ ಸಾವಂತ್ರಮ್ಮನಿಗೆ ಎಲ್ಲ ಕಾಣುತ್ತಿತ್ತು.

"ಏನ್ರೀ!" ಅಂತ ಕಿರುಚಿದಳು.

ಬೀದಿಯಲ್ಲಿದ್ದ ಗಂಡಂದಿರೆಲ್ಲ ತಲೆಯೆತ್ತಿ ನೋಡಿದರು. ಅವಳ ಗಂಡ ನೋಡಲಿಲ್ಲ.

"ಇಲ್ಲಿ ಕೇಳ್ರೀ!"

ಈ ಸಲ ಇನ್ನೂ ನಾಲ್ಕು ಜನ ಜಾಸ್ತಿ ನೋಡಿದರು. ಕರಿಯ ಬಂದೇ ಬಿಟ್ಟಿತು. ಆಗ ಸಾವಂತ್ರಮ್ಮನ ಎದೆಯೊಡೆದು ಬಂತು:

"ತಿಮ್ಮೀತೋ!"

ಆ ಗದ್ದಲದಲ್ಲಿಯೂ ಅದು ಅವನ ಕಿವಿಗೆ ಬಿತ್ತು. ಸರ್ರನೆ ತಿರುಗಿದ. ತಿರುಗಿದವನು ಹೋರಿ ನೋಡಬೇಕೋ ಬೇಡವೋ? ಅವನು ನೋಡಿದ್ದು ಮಾಳಿಗೆಯನ್ನ. ನೋಡಿ, ಮುಖದ ತುಂಬ ನಕ್ಕ. "ಆಂ? ಏನಂದೆ? ಇನ್ನೊಂದ್ಸಲ?" ಅಂತ ಕಿವಿಗೆ ಕೈ ಕೊಡುತ್ತಿದ್ದಂಗೆ ಕರಿಯನ ಪಕ್ಕೆ ಬಡಿದು, ಅಷ್ಟು ದೊಡ್ಡ ದೇಹ ಎಗರಿ ತಿಪ್ಪೆಗುಂಡಿಗೆ ಬಿತ್ತು. ಬಿದ್ದಾಗಲೂ ನಗುತ್ತಲೇ ಇತ್ತು ಅಂತ ನಾಗೇಂದ್ರಪ್ಪ ಇವತ್ತಿಗೂ ಆಣೆ ಮಾಡಿ ಹೇಳುತ್ತಾನೆ.

ಮೊಣಕಾಲ ಕೆಳಗೆ ಎಲುಬು ಮುರಿದಿತ್ತು. ನ್ಯಾಮತಿ ಕಡೆಯಿಂದ ಎಲುಬು ಕಟ್ಟೋ ಜಂಪಣ್ಣ ಬಂದು, ಎಳೆದು ಕೂರಿಸಿ, ಬಿದಿರ ದಬ್ಬೆ ಇಟ್ಟು ಬಿಗಿದ. ಅಲ್ಲಾಡಬಾರದು ಅಂತ ಕೊಟ್ಟಿಗೆ ಗೋಡೆಗೆ ಒತ್ತಿಕೊಂಡಿದ್ದ ಕೋಣೆಯಲ್ಲಿ ಹಾಸಿಗೆ ಹಾಸಿದರು. ಆ ಗೋಡೆಗೆ ಗಾಳಿ ಆಡೋಕೆ ಅಂತ ಒಂದು ಕಿಂಡಿ ಇತ್ತು.

ತಿರುಗಿದ್ದಕ್ಕೇ ಕೊಂಬು ತಪ್ಪಿತು, ಹೆಸರೇ ಜೀವ ಉಳಿಸಿದ್ದು ಅಂತ ರಾಮೋನ್ ಎಷ್ಟು ಹೇಳಿದರೂ ಸಾವಂತ್ರಮ್ಮ ಕೇಳಲಿಲ್ಲ. ಹೆಸರು ಹೇಳಿದ ಉಸಿರಿಗೇ ಕಾಲು ಮುರಿಯಿತು, ಇನ್ನೊಂದು ಸಲ ಹೇಳಿದರೆ ಏನಾಗಬೇಡ! ಗಲ್ಲ ಗಲ್ಲ ಬಡಿದುಕೊಂಡಳು, ಬೆಟ್ಟದ ದೇವರಿಗೆ ತಪ್ಪುಕಾಣಿಕೆ ಕಟ್ಟಿದಳು. ಎಷ್ಟು ಹೆದರಿದಳೆಂದರೆ, 'ಏನ್ರೀ' ಅನ್ನೋದನ್ನೂ ಬಿಟ್ಟಳು. ತಟ್ಟೆ ತಂದು ಇಡುತ್ತಿದ್ದಳು, ತಲೆ ಮುಟ್ಟಿ ನೋಡುತ್ತಿದ್ದಳು, ಮಾತಿಲ್ಲ. ಹೆಸರು ಕೇಳೋಕೆ ಹೋಗಿ ಇದ್ದ ಬಾಲವೂ ಉದುರಿತಲ್ಲ ಅಂತ ಸಣ್ಣತಿಮ್ಮಪ್ಪ ಜಂತೆ ನೋಡುತ್ತ ಮಲಗಿದ. ಕಾಲು ನೋವಿಗಿಂತ ಇದು ಜಾಸ್ತಿ ನೋಯುತ್ತಿತ್ತು.

ಅಷ್ಟರಲ್ಲಿ ಬೊಂಬಾಯಿಯ ಸಾಮಾನು ಬಂತು, ಇಂಜಿನೂಚೊ ಇಂಜಿನ್ನಾಗಿ ಟುಕು ಟುಕು ಅಂದಿತು, ನೀರು ಮೇಲಕ್ಕೆ ಬಂತು. ರಾಮೋನ್ ಗಂಟು ಕಟ್ಟಿದ. ಊರಿಗೇ ಹೋಗುತ್ತೇನೆ, ಅವ್ವನ ಹತ್ತಿರಕ್ಕೆ ಅಂದ. ಹೊರಡುವಾಗ ಬಾಗಿಲಲ್ಲಿ ನಿಂತು "ಸಾವಂತ್ರೀತಾ" ಅಂತ ಕೈ ಮುಗಿದ. ಅವಳು ಸೆರಗಿಂದ ಕಣ್ಣೊರೆಸಿಕೊಂಡು, "ಹೋಗೋ ರಾಮೋನೂಚೊ, ಅವ್ವನ್ನ ಇಷ್ಟು ದಿನ ಬಿಟ್ಟಿದ್ಯಲ್ಲ," ಅಂತ ಬೈದು ರೊಟ್ಟಿ ಗಂಟು ಕೊಟ್ಟಳು.

ಅವನು ಹೋದ ಮಾರನೆ ಬೆಳಗ್ಗೆ. ಮಲಗಿದ್ದ ಸಣ್ಣತಿಮ್ಮಪ್ಪನಿಗೆ ಕೊಟ್ಟಿಗೆಯಲ್ಲಿ ಹೆಂಡತಿಯ ದನಿ ಕೇಳಿತು. ಕರಿಯನಿಗೆ ಹುಲ್ಲು ಹಾಕುತ್ತ ತಗ್ಗಿದ ದನಿಯಲ್ಲಿ ಬೈಯುತ್ತಿದ್ದಳು.

"ಯಾಕೋ ಹಂಗೆ ಮಾಡ್ದೆ, ಹಾಳಾದೋನೆ? ಅವ್ರೇನು ಮಾಡಿದ್ರು ನಿನಗೆ? ಊರು ತುಂಬ ಜನ ಇರುವಾಗ ನಮ್ಮ ತಿಮ್ಮೀತೊನೇ ಬೇಕಾಗಿತ್ತಾ ನಿನಗೆ?"

ಸಣ್ಣತಿಮ್ಮಪ್ಪ ಕಂಬಳಿ ಬಾಯಿಗೆ ತುರುಕಿಕೊಂಡ. ಇಲ್ಲದಿದ್ದರೆ ಜೋರಾಗಿ ಅತ್ತುಬಿಡುತ್ತಿದ್ದ.

ಆಮೇಲೆ ದಿನಾ ಬೆಳಗ್ಗೆ ಹುಲ್ಲಿನ ಹೊತ್ತಿಗಿಂತ ಮುಂಚೆಯೇ ಅವನಿಗೆ ಎಚ್ಚರ. ದಿನಾ ಒಂದಲ್ಲ ಒಂದು ಮಾತಿನಲ್ಲಿ ಅದು ಬರುತ್ತಿತ್ತು. 'ತಿಮ್ಮೀತೊ ನಿನ್ನೆ ಸರಿಯಾಗಿ ಉಣ್ಲಿಲ್ಲ ಕಣೋ.' 'ತಿಮ್ಮೀತೊ ಮೀಸೆ ಹಣ್ಣಾಗ್ತೈತೆ, ನೋಡಿದ್ಯಾ?' ಅವನು ಉಸಿರು ಬಿಗಿಹಿಡಿದು ಕೇಳುತ್ತಿದ್ದ. ಹೆಂಡತಿ ತಟ್ಟೆ ಹಿಡಿದು ಬಂದಾಗ ಏನೂ ತಿಳಿಯದವನಂತೆ ಕಣ್ಣು ಮುಚ್ಚುತ್ತಿದ್ದ. ಕೇಳಿಸಿತು ಅಂತ ಗೊತ್ತಾದರೆ ಅವಳು ನಿಲ್ಲಿಸುತ್ತಾಳಲ್ಲ.

ಜಂಪಣ್ಣ ಬಂದು ದಬ್ಬೆ ಬಿಚ್ಚಿದ, ಒತ್ತಿ ನೋಡಿದ. "ಎಲುಬು ಕಲ್ಲಾಗೈತೆ ತಿಮ್ಮಪ್ಪನೋರೆ. ಎದ್ದು ನಡೀರಿ."

"ಅಯ್ಯೋ ಅಯ್ಯೋ! ನೋವೈತೆ ಮಾರಾಯ!"

"ನಾನೀಗ ಮುಟ್ಟೇ ಇಲ್ವಲ್ರೀ."

"ಮುಟ್ಟಬ್ಯಾಡ. ಇನ್ನೂ ಸ್ವಲ್ಪ ದಿನ ಇಲ್ಲೇ ಮಲಗ್ತೀನಿ."

ಜಂಪಣ್ಣ ತಲೆ ಕೆರೆದುಕೊಂಡ. ಬಾಗಿಲಲ್ಲಿ ನಿಂತಿದ್ದ ಸಾವಂತ್ರಮ್ಮ ಗಂಡನನ್ನ ನೋಡಿದಳು, ಗೋಡೆಯ ಕಿಂಡಿ ನೋಡಿದಳು, ಮತ್ತೆ ಗಂಡನನ್ನ ನೋಡಿದಳು. ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು. ಗುಟ್ಟು ರಟ್ಟಾಯಿತು ಅಂತ ಸಣ್ಣತಿಮ್ಮಪ್ಪ ಕಂಬಳಿ ಮುಖಕ್ಕೆ ಎಳೆದುಕೊಂಡ.

ಮಾರನೆ ಬೆಳಗ್ಗೆ ಕೊಟ್ಟಿಗೆಯಲ್ಲಿ ಹುಲ್ಲು ಹಾಕಿದ ಸದ್ದಾಯಿತು. ಆಮೇಲೆ ಕರಿಯ ಮೆಲ್ಲುವ ಸದ್ದಷ್ಟೇ. ಮುಗಿಯಿತು ಅಂತ ಅವನು ಗೋಡೆ ಕಡೆಯಿಂದ ಮುಖ ತಿರುಗಿಸಿದ. ಆಗ ದನಿ ಬಂತು, ದಿನಕ್ಕಿಂತ ಜೋರಾಗಿ, ಕಿಂಡಿಗೆ ಹತ್ತಿರವಾಗಿ.

"ಕರಿಯಪ್ಪಾ, ಇಲ್ಲಿ ಕೇಳು. ಯಮ ಹತ್ತೋದು ಕೋಣ, ನೀನು ಹೋರಿ. ನಿಮ್ಮಿಬ್ಬರಿಗೂ ಮಾತುಕತೆ ಇಲ್ಲ ಅಂತ್ಲೇ ನಾನು ನಿನ್ನ ಕಿವೀಗೆ ಹೇಳ್ತಿರೋದು. ನೀನು ಇದನ್ನ ಯಾರಿಗೂ ಹೇಳಬ್ಯಾಡ. ಆದ್ರೆ ಆ ಗೋಡೆ ಆಚೆಗಿರೋ ನಮ್ಮ ತಿಮ್ಮೀತೊಗೆ ಮಾತ್ರ ಹೇಳು, ಕಾಲು ವಾಸಿಯಾಗಿರೋದು ನನಗೂ ಗೊತ್ತೈತೆ ಅಂತ. ಎದ್ದು, ತಲೆ ತಗ್ಗಿಸಿ ಬಾಗಿಲು ದಾಟಿ, ಗದ್ದೆಗೆ ಹೋಗಾಕೆ ಹೇಳು. ದಿನಾ ಬೆಳಗ್ಗೆ ನಿನಗೆ ಹುಲ್ಲು ಹಾಕಾಕೆ ನಾನು ಬಂದೇ ಬರ್ತೀನಿ. ಈ ಕಡೆ ಅಡ್ಡಾಡೋರು ಅಡ್ಡಾಡಲಿ, ಕೇಳಿಸ್ಕೊಳೋರು ಕೇಳಿಸ್ಕೊಳ್ಳಲಿ."

ಸಣ್ಣತಿಮ್ಮಪ್ಪ ಕಂಬಳಿ ಸರಿಸಿ ಎದ್ದು ನಿಂತ. ಕಾಲು ಗಟ್ಟಿಯಾಗಿತ್ತು. ತಲೆ ತಗ್ಗಿಸೋದು ಮರೆತು ಬಾಗಿಲ ಮೇಲ್ಪಟ್ಟಿಗೆ ಹಣೆ ಬಡಿಸಿಕೊಂಡು, ಹಣೆ ಉಜ್ಜಿಕೊಳ್ಳುತ್ತ, ಕೊಟ್ಟಿಗೆಗೆ ಬಂದು ಕರಿಯನ ಇನ್ನೊಂದು ಮಗ್ಗುಲಿಗೆ ನಿಂತ. ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ. ಅವನು ಹೋರಿಯ ಬೆನ್ನು ತಟ್ಟಿ, "ಕರಿಯಾ, ಹೇಳ್ದೋರಿಗೆ ಹೇಳು," ಅಂದ, "ಕೇಳ್ತು ಅಂತ."